ಸ್ನಾಯುವಿನ ಸದ್ದು ಕೇಳಿದವರು

ಕಣ್ಣಿನ ರೆಪ್ಪೆ ಅದುರಿದರೆ ಅದಕ್ಕೊಂದು ಅರ್ಥ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ, ಹೆಂಗಸರಿಗೆ ಎಡಗಣ್ಣು. ಕಾಳಿದಾಸನ ದುಷ್ಯಂತ ಕಣ್ವರ ಆಶ್ರಮಕ್ಕೆ ಕಾಲಿಡುವಾಗ ಅವನ ಬಲದೋಳು ಅದುರುತ್ತದೆ. ತಪಸ್ವಿಗಳಿರುವ ಈ ಶಾಂತ ಜಾಗದಲ್ಲಿ ಇದರ ಫಲ ಎಲ್ಲಿಂದ ಬರಬೇಕು ಎಂದು ಅವನಿಗೆ ಅಚ್ಚರಿ. ಕೇಳುಗರೇ, ನೀವು ಕಾಸರಗೋಡಿನವರಿರಲಿ, ಜತ್ತದವರಿರಲಿ, ತಾಳವಾಡಿ ಅಥವಾ ಮಡಕಶಿರಾ ಕಡೆಯವರಿರಲಿ, ಮನೆಯಲ್ಲಿ ಒಂದು ಭಾಷೆ ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವವರು. ಆದರೆ ಕಣ್ಣು ಅದುರಿದಾಗ ಎರಡು ಭಾಷೆಯವರೂ ಶಕುನ ನೋಡುವವರೇ. ಶಕುನದ ಮಾತು ಅದನ್ನು ಬಲ್ಲವರಿಗೆ ಇರಲಿ. ಅದರ ಹಿಂದಿರುವ ಪ್ರಶ್ನೆ ಮಾತ್ರ ಇಂದು ನಮಗೆ ಬೇಕು. ಮೈಯೊಳಗಿನ ಸ್ನಾಯು ಮನಸ್ಸಿನ ಸುದ್ದಿ ಹೇಳಬಲ್ಲದೇ? ಹೇಳಿದರೆ ಎಷ್ಟು ಹೇಳೀತು?

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರು ಸುಮಾರು ಇನ್ನೂರೈವತ್ತು ವರ್ಷ ದುಡಿದಿದ್ದಾರೆ. ಅವರ ದುಡಿಮೆಯ ಫಲವೇ ದೊಡ್ಡ ಆಸ್ಪತ್ರೆಗಳ ಚೀಟಿಯಲ್ಲಿ ನೀವು ಕಂಡಿರಬಹುದಾದ ಇ.ಎಂ.ಜಿ. ಎಂಬ ಮೂರಕ್ಷರ. ಪೂರ್ಣ ಹೆಸರು ಎಲೆಕ್ಟ್ರೋಮಯೋಗ್ರಫಿ. ಹೃದಯಕ್ಕೆ ಇ.ಸಿ.ಜಿ. ಹೇಗೋ ಕೈಕಾಲಿನ ಸ್ನಾಯುಗಳಿಗೆ ಇದು ಹಾಗೆ. ಸ್ನಾಯು ಬಿಗಿಯುವಾಗ ಅದರಲ್ಲಿ ಹುಟ್ಟುವ ಬಹಳ ಸಣ್ಣ ವಿದ್ಯುತ್ತನ್ನು ಹಿಡಿದು ಅಳೆಯುವ ಉಪಾಯ. ಎಷ್ಟು ಸಣ್ಣದು ಎಂದರೆ, ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ; ಸ್ನಾಯುವಿನಿಂದ ಅದರ ಸಾವಿರದಲ್ಲೊಂದು ಪಾಲು ಸಿಕ್ಕಿದರೆ ಅದೇ ದೊಡ್ಡದು.

ಕಥೆ ಶುರುವಾಗುವುದು ಕಪ್ಪೆಯಿಂದ. ಇಟಲಿಯ ಬೊಲೋನ್ಯ ನಗರದಲ್ಲಿ ಲುಯಿಜಿ ಗಾಲ್ವಾನಿ ಎಂಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಿದ್ದ. 1780ರ ದಶಕದಲ್ಲಿ ಅವನು ಸತ್ತ ಕಪ್ಪೆಗಳ ಹಿಂಗಾಲು ಬಿಡಿಸಿ ಪ್ರಯೋಗ ಮಾಡುತ್ತಿದ್ದ. ಹತ್ತಿರದ ಯಂತ್ರದಿಂದ ಕಿಡಿ ಹಾರಿದಾಗ ಚೂರಿ ಮುಟ್ಟಿದ ಕಪ್ಪೆಯ ಕಾಲು ಝಾಡಿಸಿತು. ಆಮೇಲೆ ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿದ ಕಾಲು ಕಬ್ಬಿಣಕ್ಕೆ ತಾಗಿದರೂ, ಯಂತ್ರವಿಲ್ಲದೆಯೇ, ಹಾಗೇ ಝಾಡಿಸತೊಡಗಿತು. ಜೀವಿಯ ಒಳಗೇ ಒಂದು ವಿದ್ಯುತ್ತು ಇದೆ ಎಂದು ಅವನು 1791ರಲ್ಲಿ ಬರೆದ. ಪಾವಿಯಾದ ಅಲೆಸ್ಸಾಂದ್ರೋ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಬಂದದ್ದು ಎರಡು ಬೇರೆ ಲೋಹ ಕೂಡಿದ್ದರಿಂದ, ಕಪ್ಪೆ ಬರೀ ಸಾಕ್ಷಿ ಎಂದ. ಗಾಲ್ವಾನಿ ಲೋಹವೇ ಇಲ್ಲದೆ, ನರವನ್ನು ಸ್ನಾಯುವಿಗೆ ನೇರ ಮುಟ್ಟಿಸಿ ಕಾಲು ಅಲುಗುವುದನ್ನು 1794ರ ಹೊತ್ತಿಗೆ ತೋರಿಸಿದ. ವೋಲ್ಟಾ ತನ್ನ ವಾದದ ಬೆನ್ನು ಹಿಡಿದು ಹೋಗಿ 1800ರಲ್ಲಿ ಬ್ಯಾಟರಿಯನ್ನೇ ಕಂಡುಹಿಡಿದ. ಲೋಹದ ವಿಷಯದಲ್ಲಿ ವೋಲ್ಟಾ ಸರಿ, ಜೀವದ ವಿಷಯದಲ್ಲಿ ಗಾಲ್ವಾನಿ ಸರಿ. ಆದರೆ ಬ್ಯಾಟರಿಯ ಬೆಳಕಿನ ಮುಂದೆ ಕಪ್ಪೆಯ ಮಾತು ಯಾರಿಗೂ ಕೇಳಿಸಲಿಲ್ಲ. ಹೊಸ ಸರಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಕೆಲಸ ಕಳೆದುಕೊಂಡಿದ್ದ ಗಾಲ್ವಾನಿ 1798ರಲ್ಲಿ ತೀರಿಕೊಂಡ. ತನ್ನ ಮಾತು ನಿಜವಾದದ್ದನ್ನು ನೋಡುವ ಭಾಗ್ಯ ಅವನಿಗೆ ಇರಲಿಲ್ಲ.

ಅದು ನಿಜವಾಗಲು ನಲವತ್ತು ವರ್ಷ ಬೇಕಾಯಿತು. ಕಾರ್ಲೋ ಮತ್ತೇವುಚ್ಚಿ ಎಂಬ ಇನ್ನೊಬ್ಬ ಇಟಲಿಯವನು ಸ್ನಾಯುವಿನಿಂದ ವಿದ್ಯುತ್ತು ಹರಿಯುವುದನ್ನು ಸೂಜಿ ಓಲಾಡುವ ಮೀಟರಿನಲ್ಲಿ ತೋರಿಸಿದ. ಅವನ ಬರಹ 1841ರಲ್ಲಿ ಬರ್ಲಿನ್ನಿನ ಒಬ್ಬ ವಿದ್ಯಾರ್ಥಿಯ ಕೈಗೆ ಬಂತು. ಅವನ ಹೆಸರು ಎಮಿಲ್ ದ್ಯುಬುವಾ ರೇಮೋನ್. ಇದನ್ನು ಪರೀಕ್ಷಿಸಿ ನೋಡು ಎಂದು ಗುರುಗಳು ಹೇಳಿದ ಒಂದು ಮಾತು ಅವನ ಜೀವಮಾನದ ಕೆಲಸವಾಯಿತು.

ಈತನ ಹಟ ನೋಡಿ. ಅಂಗಡಿಯಲ್ಲಿ ಸಿಗುವ ಮೀಟರಿಗೆ ಸ್ನಾಯುವಿನ ವಿದ್ಯುತ್ತು ತಿಳಿಯುವುದಿಲ್ಲವೆಂದು ತಾನೇ ಕೂತು ತಂತಿ ಸುತ್ತಿದ. ಒಂದು ಮೀಟರಿಗೆ 24 ಸಾವಿರಕ್ಕೂ ಮಿಕ್ಕಿ ಸುತ್ತು! ಚರಕದ ಮುಂದೆ ಕೂತ ಮುದುಕಿಗೆ ಇರುವ ತಾಳ್ಮೆ ಅದು. ಆಮೇಲೆ ಎರಡು ಬೋಗುಣಿಯಲ್ಲಿ ಉಪ್ಪುನೀರಿಟ್ಟು, ಎರಡೂ ಕೈಯ ಬೆರಳು ಅದ್ದಿ, ಒಂದು ತೋಳನ್ನು ಮಾತ್ರ ಬಿಗಿ ಹಿಡಿದ. ಸೂಜಿ ಸರಿಯಿತು. ಸರಿದದ್ದು ಬಹಳ ಕಡಿಮೆ. ಚರ್ಮ ಅಡ್ಡ ಬರುತ್ತಿದೆ ಎಂದು ತಿಳಿದು, ಎರಡೂ ಮುಂಗೈಗೆ ಬೊಬ್ಬೆ ಬರಿಸಿಕೊಂಡು, ಅದರ ಮೇಲಿನ ತೊಗಲು ಕಿತ್ತು, ಹಸಿ ಗಾಯವನ್ನೇ ಉಪ್ಪುನೀರಿಗೆ ಒಡ್ಡಿ ಮತ್ತೆ ತೋಳು ಬಿಗಿದ. ಸೂಜಿ ಈಗ ಚೆನ್ನಾಗಿ ಹೊರಳಿತು. ಗಾಯಕ್ಕೆ ಉಪ್ಪು ಸವರುವುದೆಂದರೆ ನಮಗೆ ಅದೊಂದು ಗಾದೆಯಂಥ ಮಾತು. ಇವನು ಅದನ್ನೇ ಮಾಡಿಕೊಂಡ. 1848 ಮತ್ತು 1849ರಲ್ಲಿ ಇದನ್ನೆಲ್ಲ ಎರಡು ಸಂಪುಟವಾಗಿ ಅಚ್ಚು ಹಾಕಿಸಿದ. ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. 1850ರಲ್ಲಿ ಸಾಮಾನು ಕಟ್ಟಿಕೊಂಡು ಅಲ್ಲಿಗೇ ಹೋಗಿ ತೋರಿಸಿ ಬಂದ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಸೂಜಿಯನ್ನು ಸರಿಸಿದ್ದು ಏನು? ತೋಳನ್ನು ಬಿಗಿ ಮಾಡಬೇಕೆಂಬ ಅವನ ಮನಸ್ಸು. ಮನಸ್ಸು ಎಂದಿತು, ಲೋಹದ ಸೂಜಿ ಓಗೊಟ್ಟಿತು. ಒಬ್ಬ ಮನುಷ್ಯನ ಇಚ್ಛೆ ಹೊರಗಿನ ಯಂತ್ರದ ಮೇಲೆ ಹೀಗೆ ಗುರುತು ಮಾಡಿದ್ದು ಹೊಸ ಸಂಗತಿ.

ಅದೇ ಕಾಲದಲ್ಲಿ ಫ್ರಾನ್ಸಿನ ವೈದ್ಯ ದ್ಯುಶೆನ್ ಉಲ್ಟಾ ದಾರಿಯಲ್ಲಿ ನಡೆಯುತ್ತಿದ್ದ. ಸ್ನಾಯುವಿನಿಂದ ವಿದ್ಯುತ್ತು ತೆಗೆಯುವ ಬದಲು ಸ್ನಾಯುವಿಗೆ ವಿದ್ಯುತ್ತು ಕೊಡುವುದು ಅವನ ಕ್ರಮ. ಮುಖದ ಚರ್ಮದಲ್ಲಿ ಸ್ಪರ್ಶ ತಿಳಿಯದ ಒಬ್ಬ ಮುದುಕನನ್ನು ಕೂರಿಸಿ, ಮುಖದ ಒಂದೊಂದೇ ಸ್ನಾಯುವನ್ನು ಬಿಗಿಸಿ, ಫೋಟೋ ತೆಗೆಸಿ 1862ರಲ್ಲಿ ಪುಸ್ತಕ ಮಾಡಿದ. ನಗುವಿನ ಬಗ್ಗೆ ಅವನು ಕಂಡುಕೊಂಡದ್ದು ಇವತ್ತಿಗೂ ಹೆಸರುವಾಸಿ. ತುಟಿಯ ಕೊನೆಯನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಆದರೆ ಕಣ್ಣಿನ ಸುತ್ತ ಸುಕ್ಕು ಮೂಡಿಸುವ ಸ್ನಾಯು ಸಂತೋಷ ನಿಜವಾದಾಗಲೇ ಸೇರಿಕೊಳ್ಳುತ್ತದೆ ಎಂದ. ಡಾರ್ವಿನ್ ತನ್ನ 1872ರ ಪುಸ್ತಕದಲ್ಲಿ ಈ ಚಿತ್ರಗಳನ್ನು ಬಳಸಿಕೊಂಡ. ಬೀಗರ ಮನೆಯಲ್ಲಿ ತುಟಿಯಿಂದ ನಗುವವರನ್ನೂ ಕಣ್ಣಿಂದ ನಗುವವರನ್ನೂ ನಮ್ಮ ಹಿರಿಯರು ಯಂತ್ರವಿಲ್ಲದೆಯೇ ಬೇರೆ ಮಾಡುತ್ತಿದ್ದರು, ಆ ಮಾತು ಬೇರೆ.

ಆದರೂ ಒಂದು ತೊಡಕು ಉಳಿದೇ ಇತ್ತು. ಸ್ನಾಯುವಿನ ವಿದ್ಯುತ್ತು ಸೆಕೆಂಡಿಗೆ ಎಷ್ಟೋ ಸಲ ಏರಿಳಿಯುತ್ತದೆ. ಭಾರದ ಸೂಜಿಗೆ ಆ ವೇಗ ಹಿಡಿಯಲಾಗದು. ಬರ್ಲಿನ್ನಿನ ಹನ್ಸ್ ಪೀಪರ್ 1907ರಿಂದ ಕೂದಲಿನಷ್ಟು ನವುರಾದ ಎಳೆಯ ಮೀಟರು ಬಳಸಿ, ಬಿಗಿದ ತೋಳಿನಲ್ಲಿ ಸೆಕೆಂಡಿಗೆ ಸುಮಾರು 50 ಅಲೆ ಎಣಿಸಿದ. ಆದರೆ ಒಂದೇ ನರದ ಒಂದೇ ಮಿಡಿತವನ್ನು ಬೇರ್ಪಡಿಸಿ ನೋಡುವುದು ಅವನಿಂದಲೂ ಆಗಲಿಲ್ಲ. ಅದಕ್ಕೆ ಬೇಕಾದ ಸಾಧನ ಬಂದದ್ದು, ಕೇಳುಗರೇ, ನಮ್ಮ ರೇಡಿಯೋ ಮನೆಯಿಂದ.

ಮೊದಲ ಮಹಾಯುದ್ಧದಲ್ಲಿ ತಂತಿಯಿಲ್ಲದ ಸುದ್ದಿಗಾಗಿ ವಾಲ್ವುಗಳು ಬೆಳೆದವು. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂಬದಿಯಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ಬುರುಡೆಗಳು ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು. ದೂರದ ಸ್ಟೇಷನ್ನಿನ ಕ್ಷೀಣ ಅಲೆಯನ್ನು ಸಾವಿರಾರು ಪಟ್ಟು ದೊಡ್ಡದು ಮಾಡುವುದೇ ಅವುಗಳ ಕೆಲಸ. ಬಹು ದೂರದ ಅಲೆಯನ್ನು ಹಿಗ್ಗಿಸಬಲ್ಲ ಬುರುಡೆ ನಮ್ಮ ತೋಳಿನ ಅಲೆಯನ್ನು ಯಾಕೆ ಹಿಗ್ಗಿಸಬಾರದು? ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಡ್ಗರ್ ಏಡ್ರಿಯನ್ ಅದನ್ನೇ ಮಾಡಿದ. ಅಮೆರಿಕದಿಂದ ಬಂದಿದ್ದ ಡೆಟ್ಲೆವ್ ಬ್ರಾಂಕ್ ಜೊತೆಗಾರ. ಇಂಜೆಕ್ಷನ್ ಸೂಜಿಯ ಒಳಗೆ, ಅದಕ್ಕೆ ತಾಗದಂತೆ, ಒಂದು ಸಣ್ಣ ತಂತಿ ಇಳಿಸಿದರು. ಸೂಜಿಯನ್ನು ತೋಳಿಗೆ ಚುಚ್ಚಿ, ತಂತಿಯನ್ನು ವಾಲ್ವಿಗೆ ಜೋಡಿಸಿ, ವಾಲ್ವನ್ನು ಧ್ವನಿವರ್ಧಕಕ್ಕೆ ಜೋಡಿಸಿದರು. 1929ರಲ್ಲಿ ಇದು ಪ್ರಕಟವಾಯಿತು.

ಈಗ ನೀವೇ ಊಹಿಸಿ. ತೋಳು ಸಡಿಲ ಬಿಟ್ಟಾಗ ಮೌನ. ಸ್ವಲ್ಪವೇ ಬಿಗಿದಾಗ, ಟಕ್, ಟಕ್, ಟಕ್. ಇನ್ನಷ್ಟು ಬಿಗಿದರೆ ಅದೇ ಟಕ್ ಬೇಗ ಬೇಗ ಬರುತ್ತದೆ, ಪಕ್ಕದಲ್ಲಿ ಇನ್ನೊಂದು ಟಕ್ ಸೇರುತ್ತದೆ, ಮತ್ತೊಂದು ಸೇರುತ್ತದೆ. ಪೂರ್ತಿ ಬಿಗಿದಾಗ ಎಲ್ಲ ಕೂಡಿ ಭೋರೆನ್ನುತ್ತದೆ. ಬೆನ್ನುಹುರಿಯ ಒಂದು ನರಕೋಶ ಮತ್ತು ಅದರ ಅಪ್ಪಣೆಯಲ್ಲಿರುವ ಸ್ನಾಯು ಎಳೆಗಳು, ಇದು ಒಂದು ತಂಡ. ಕಣ್ಣನ್ನು ಹೊರಳಿಸುವ ಸ್ನಾಯುವಿನಲ್ಲಿ ಒಂದು ತಂಡಕ್ಕೆ ಹತ್ತಾರು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ನಾವು ಬಲ ಹಾಕುವುದು ಎರಡೇ ಬಗೆಯಲ್ಲಿ: ತಂಡವನ್ನು ಬೇಗ ಬೇಗ ದುಡಿಸುವುದು, ಹೊಸ ತಂಡವನ್ನು ಕರೆಯುವುದು. ಸುಗ್ಗಿಯಲ್ಲಿ ಆಳು ಸಾಲದಾದಾಗ ರೈತ ಮಾಡುವುದೂ ಇದನ್ನೇ ಅಲ್ಲವೇ? ಏಡ್ರಿಯನ್ನಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು.

ಆ ಹೊತ್ತಿಗೆ ಭಾರತಕ್ಕೂ ರೇಡಿಯೋ ಬಂದಿತ್ತು. ಮುಂಬಯಿಯ ನಿಲಯ ಶುರುವಾದದ್ದು 1927ರಲ್ಲಿ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿ ಅದನ್ನು ಆಕಾಶವಾಣಿ ಎಂದು ಕರೆದ ಎಂ. ವಿ. ಗೋಪಾಲಸ್ವಾಮಿಯವರು ವೃತ್ತಿಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಅವರು ಸ್ನಾಯುವಿಗೆ ಸೂಜಿ ಚುಚ್ಚಿದವರಲ್ಲ. ಆದರೂ ಮನಸ್ಸಿನ ಶಾಸ್ತ್ರ ಮತ್ತು ರೇಡಿಯೋ ವಾಲ್ವು ನಮ್ಮ ಕನ್ನಡದಲ್ಲೂ ಒಂದೇ ಸೂರಿನಡಿ ಕೂಡಿದ್ದವು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಕೈಕಾಲಿನ ನರ ತುಂಡಾದ ಸೈನಿಕರು ಸಾವಿರಗಟ್ಟಲೆ ಬಂದಾಗ ಈ ವಿದ್ಯೆ ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಇಳಿಯಿತು. ನರದ ಸಂಬಂಧ ಕಡಿದ ಸ್ನಾಯು ಎರಡು ಮೂರು ವಾರದ ಮೇಲೆ, ಯಾರೂ ಹೇಳದೆ ಕೇಳದೆ, ತನ್ನಷ್ಟಕ್ಕೆ ಸಣ್ಣಗೆ ಮಿಡಿಯತೊಡಗುತ್ತದೆ. ಚರ್ಮದ ಮೇಲೆ ಕಾಣದು, ಧ್ವನಿವರ್ಧಕದಲ್ಲಿ ಮಾತ್ರ ಕೇಳುತ್ತದೆ. ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂಥ ಸದ್ದು ಎಂದು ವೈದ್ಯರು ಅದನ್ನು ವರ್ಣಿಸುತ್ತಾರೆ. ಸೊಲ್ಲಾಪುರದ ಕಡೆಯವರು ಪತ್ರಾಸಿನ ಮೇಲಿನ ಮಳೆ ಎಂದುಕೊಳ್ಳಿ. ಸ್ನಾಯು ಬಿಗಿದರೆ ಬೇಗ ಸಡಿಲವಾಗದ ಇನ್ನೊಂದು ಕಾಯಿಲೆಯಿದೆ. ಅದರ ಸದ್ದು ಮೋಟಾರ್ ಸೈಕಲ್ಲಿನ ಎಕ್ಸಲರೇಟರ್ ತಿರುವಿ ಬಿಟ್ಟಂತೆ ಏರಿ ಇಳಿಯುತ್ತದೆ. ಪಳಗಿದ ವೈದ್ಯರು ಪರದೆಯ ಗೆರೆಗಿಂತ ಮೊದಲು ಕಿವಿಯಿಂದಲೇ ರೋಗದ ಜಾಡು ಹಿಡಿಯುತ್ತಾರೆ. ಕಣ್ಣಿನ ರೆಪ್ಪೆಯ ಅದುರು ಮಾತ್ರ ಹೆಚ್ಚಿನಂಶ ನಿದ್ದೆಗೇಡು, ದಣಿವು, ಅತಿಯಾದ ಚಹಾಕಾಫಿ ಇವುಗಳ ಫಲ. ಕೆಲವು ದಿನದಲ್ಲಿ ತಾನೇ ನಿಲ್ಲುತ್ತದೆ. ವಾರಗಟ್ಟಲೆ ನಿಲ್ಲದಿದ್ದರೆ, ಮುಖದ ಬೇರೆ ಕಡೆಗೂ ಹಬ್ಬಿದರೆ ತೋರಿಸಿಕೊಳ್ಳಬೇಕು.

ಇದಿಷ್ಟು ಮೈಯ ಕಥೆ. ಈಗ ಮನಸ್ಸಿನದು.

ಅಮೆರಿಕದಲ್ಲಿ ಜಾನ್ ವಾಟ್ಸನ್ ಎಂಬ ಮನಃಶಾಸ್ತ್ರಜ್ಞ 1913ರಲ್ಲಿ ಒಂದು ದಿಟ್ಟ ಮಾತು ಆಡಿದ. ಯೋಚನೆ ಎಂಬುದು ಒಳಗೆಲ್ಲೋ ನಡೆಯುವ ಗುಟ್ಟಿನ ಕೆಲಸವಲ್ಲ. ಗಂಟಲು ನಾಲಗೆಗಳು ಸದ್ದಿಲ್ಲದೆ ಆಡುವ ಮಾತೇ ಯೋಚನೆ ಎಂದ. ಹೀಗೆ ಹೇಳುವುದು ಸುಲಭ, ತೋರಿಸುವುದು ಹೇಗೆ? ಚಿಕಾಗೋದ ವೈದ್ಯ ಎಡ್ಮಂಡ್ ಜೇಕಬ್‌ಸನ್ ವಾಲ್ವು ಮೀಟರು ಹಿಡಿದು ಹೊರಟ. 1930ರ ಆಸುಪಾಸಿನಲ್ಲಿ ಅವನು ಮಾಡಿದ ಪ್ರಯೋಗ ಸರಳ. ಮೈಯನ್ನು ಪೂರಾ ಸಡಿಲ ಬಿಡಲು ಕಲಿತವರನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ಒಂದು ಟಿಕ್ ಸದ್ದು ಕೇಳಿದ ಕೂಡಲೇ ಬಲಗೈ ಮಡಚುತ್ತಿದ್ದೇನೆ ಎಂದು ಕಲ್ಪಿಸಿಕೊಳ್ಳಿ, ಕೈ ಮಾತ್ರ ಅಲ್ಲಾಡಬಾರದು ಎಂದ. ಕೈ ಅಲ್ಲಾಡಲಿಲ್ಲ. ಆದರೆ ಬಲದೋಳಿನಲ್ಲಿ ವಿದ್ಯುತ್ತು ಎದ್ದಿತು. ಎಡಗೈ ಕಲ್ಪಿಸಿಕೊಂಡರೆ ಬಲದೋಳು ಸುಮ್ಮನೆ. ಮನಸ್ಸಿನಲ್ಲೇ ಎಣಿಕೆ ಮಾಡಿದರೆ ನಾಲಗೆ ತುಟಿಗಳಲ್ಲಿ, ಏನನ್ನೋ ನೋಡುತ್ತಿದ್ದೇನೆ ಎಂದುಕೊಂಡರೆ ಕಣ್ಣಿನ ಸ್ನಾಯುಗಳಲ್ಲಿ ವಿದ್ಯುತ್ತು ಕಂಡಿತು.

ನ್ಯೂಯಾರ್ಕಿನ ಲೂಯಿ ಮ್ಯಾಕ್ಸ್ ಇನ್ನೂ ಸೊಗಸಾದ ಉಪಾಯ ಮಾಡಿದ. ಮಾತು ಬಾರದ, ಕಿವಿ ಕೇಳದ ಜನ ಕೈಸನ್ನೆಯಲ್ಲಿ ಮಾತಾಡುತ್ತಾರೆ. ಅವರ ಮಾತು ಬೆರಳಿನಲ್ಲಿದೆಯಾದರೆ ಅವರ ಯೋಚನೆಯೂ ಬೆರಳಿನಲ್ಲಿ ಕಾಣಬೇಕಲ್ಲ? 1935 ಮತ್ತು 1937ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಹಾಗೆಯೇ ಇತ್ತು. ಅವರು ನಿದ್ದೆ ಹೋದಾಗ ಬೆರಳಿನ ಸ್ನಾಯುಗಳು ಮೌನವಾದವು. ನಡುನಡುವೆ ಬೆರಳಿನಲ್ಲಿ ವಿದ್ಯುತ್ತು ಎದ್ದಾಗ ಎಬ್ಬಿಸಿ ಕೇಳಿದರೆ ಕನಸು ಕಾಣುತ್ತಿದ್ದೆ ಎಂದರು. ಎಚ್ಚರದಲ್ಲಿ ಲೆಕ್ಕ ಕೊಟ್ಟಾಗಲೂ ಕಿವಿ ಕೇಳುವವರಿಗಿಂತ ಇವರ ಕೈಯಲ್ಲೇ ಹೆಚ್ಚು ವಿದ್ಯುತ್ತು. ಕನಸಿನಲ್ಲಿ ಕೈಯಿಂದ ಮಾತಾಡುವ ಜನ! ಇದನ್ನು ಓದಿದಾಗ ವಾಟ್ಸನ್ ಹೇಳಿದ್ದೇ ಸರಿ ಎನ್ನಿಸಿದರೆ ತಪ್ಪಿಲ್ಲ.

ಆದರೆ ಸರಿಯಲ್ಲ. ಅದನ್ನು ತೋರಿಸಿದ್ದು ಅಮೆರಿಕದ ಯೂಟಾ ರಾಜ್ಯದಲ್ಲಿ ನಡೆದ ಒಂದು ಎದೆ ಝಲ್ಲೆನ್ನಿಸುವ ಪ್ರಯೋಗ. ದಕ್ಷಿಣ ಅಮೆರಿಕದ ಕಾಡುಜನ ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ವಿಷವಿದೆ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ಅದು ತಡೆಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅದರ ಬಳಕೆ ಆಗಷ್ಟೇ ಬಂದಿತ್ತು. ಅದು ಮೈಯನ್ನು ಮಾತ್ರ ಸಡಿಲಿಸುತ್ತದೆಯೋ, ಪ್ರಜ್ಞೆಯನ್ನೂ ಕಳೆಯುತ್ತದೆಯೋ ಎಂಬ ಜಗಳವಿತ್ತು. ಪ್ರಜ್ಞೆ ಕಳೆಯುವುದಿಲ್ಲ ಎಂದಾದರೆ ಬರೀ ಕ್ಯುರಾರೆ ಕೊಟ್ಟು ಕೊಯ್ಯಿಸಿಕೊಂಡ ರೋಗಿಯ ಗತಿ ಏನು, ಯೋಚಿಸಿ. ಅರಿವಳಿಕೆ ವೈದ್ಯ ಸ್ಕಾಟ್ ಸ್ಮಿತ್ ತಾನೇ ಮಲಗಿದ. ಉಸಿರಾಟದ ಸ್ನಾಯುಗಳೂ ನಿಲ್ಲುವಷ್ಟು, ಅದಕ್ಕಿಂತಲೂ ಹೆಚ್ಚು, ಔಷಧ ಕೊಟ್ಟರು. ಜೊತೆಗಾರರು ಕೃತಕವಾಗಿ ಉಸಿರು ಊದಿ ಅವನನ್ನು ಬದುಕಿಸಿಟ್ಟರು. ಅವನ ಮೈಯಲ್ಲಿ ಬೇಕೆಂದು ಅಲ್ಲಾಡಿಸಬಹುದಾದ ಒಂದು ಸ್ನಾಯುವೂ ಉಳಿದಿರಲಿಲ್ಲ. ಔಷಧ ಇಳಿದ ಮೇಲೆ ಎದ್ದು, ಆ ಹೊತ್ತಿನಲ್ಲಿ ಯಾರು ಏನು ಮಾತಾಡಿದರು, ಏನು ಮಾಡಿದರು ಎಂಬುದನ್ನೆಲ್ಲ ಹೇಳಿದ. 1947ರಲ್ಲಿ ಇದು ಅಚ್ಚಾಯಿತು. ಗಂಟಲು ನಾಲಗೆಗಳೇ ಯೋಚನೆ ಎಂಬ ಮಾತು ಅಲ್ಲಿಗೆ ಬಿತ್ತು.

ಹಾಗಾದರೆ ಜೇಕಬ್‌ಸನ್ ಕಂಡದ್ದೇನು? ನನ್ನ ತಿಳಿವಳಿಕೆ ಇಷ್ಟು: ಎತ್ತಿನ ಹಿಂದೆ ಗಾಡಿ ಬರುತ್ತದೆ, ಗಾಡಿಯೇ ಎತ್ತಲ್ಲ. ಯೋಚನೆ ಮುಂದೆ ಹೋದಂತೆ ಸ್ನಾಯು ಅದರ ಹೆಜ್ಜೆಗೆ ಸಣ್ಣಗೆ ತಾಳ ಹಾಕುತ್ತದೆ. ಆದರೆ ಆ ತಾಳ ಬರೀ ನಿರುಪಯೋಗಿ ಸದ್ದೇ? ಅದರಿಂದ ಯೋಚನೆಗೆ ಸಹಾಯವುಂಟೇ? ಇಲ್ಲಿಂದ ಮುಂದಿನದು ನಿಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು. ಸ್ವಲ್ಪ ಗಮನವಿಟ್ಟು ಕೇಳಿ.

ಮಗು ಪುಸ್ತಕ ಹಿಡಿದು ಮನಸ್ಸಿನಲ್ಲೇ ಓದುತ್ತಿರುತ್ತದೆ, ಆದರೆ ತುಟಿ ಅಲ್ಲಾಡುತ್ತಿರುತ್ತದೆ. ಅದನ್ನು ಕಂಡರೆ ಹಲವು ಮೇಷ್ಟರಿಗೆ ಸಿಟ್ಟು. ತುಟಿ ಮುಚ್ಚಿ ಓದು ಎನ್ನುತ್ತಾರೆ. ಇದು ನಮ್ಮಲ್ಲಿ ಮಾತ್ರವಲ್ಲ, ಯುರೋಪು ಅಮೆರಿಕಗಳಲ್ಲೂ ಇದ್ದ ಪದ್ಧತಿ. ಸ್ವೀಡನ್ನಿನ ಓಕೆ ಎಡ್‌ಫೆಲ್ಟ್ ಇದನ್ನು ಸ್ನಾಯುವಿನ ವಿದ್ಯುತ್ತಿನಿಂದ ಪರೀಕ್ಷಿಸಿದ. ಮನಸ್ಸಿನಲ್ಲೇ ಓದುವವರ ಮಾತಿನ ಸ್ನಾಯುಗಳಿಗೆ ಸಣ್ಣ ಸೂಜಿ ಇಟ್ಟು ಅಳೆದ. 1960ರಲ್ಲಿ ಹೊರಬಂದ ಅವನ ಪುಸ್ತಕದ ಸಾರ ಹೀಗಿದೆ. ತುಟಿ ಅಲ್ಲಾಡದವರಲ್ಲೂ ಒಳಮಾತು ಇದ್ದೇ ಇರುತ್ತದೆ. ಚೆನ್ನಾಗಿ ಓದಬಲ್ಲವರಲ್ಲಿ ಕಡಿಮೆ, ತಡವರಿಸುವವರಲ್ಲಿ ಹೆಚ್ಚು. ಅದೇ ಮನುಷ್ಯನಿಗೆ ಪಾಠ ಸುಲಭವಿದ್ದರೆ ಕಡಿಮೆ, ಕಠಿಣವಾದರೆ ಹೆಚ್ಚು. ಒಳಮಾತನ್ನು ಬಿಡಿಸುವ ತರಬೇತಿಗಳನ್ನೆಲ್ಲ ಕೈಬಿಡುವುದು ಒಳ್ಳೆಯದು ಎಂದು ಅವನ ಸಲಹೆ.

ಬಿಡಿಸುವುದು ಸಾಧ್ಯವೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕರ್ಟಿಸ್ ಹಾರ್ಡಿಕ್ ಮತ್ತು ಜೊತೆಗಾರರು 1966ರಲ್ಲಿ ಕಾಲೇಜು ವಿದ್ಯಾರ್ಥಿಗಳ ಗಂಟಲಿನ ಮೇಲೆ ಲೋಹದ ಬಿಲ್ಲೆ ಅಂಟಿಸಿ, ಒಳಮಾತು ಎದ್ದಾಗಲೆಲ್ಲ ಅವರ ಕಿವಿಗೇ ಒಂದು ಸದ್ದು ಕೇಳುವಂತೆ ಮಾಡಿದರು. ಸದ್ದು ಕೇಳದಂತೆ ಓದಿ ಎಂದರು. ಒಂದೇ ಸರದಿಯಲ್ಲಿ ಒಳಮಾತು ಇಳಿದುಹೋಯಿತು! ಓದಿನ ವೇಗಕ್ಕೆ ಮದ್ದು ಸಿಕ್ಕಿತೆಂದು ಕೆಲವರು ಹಿಗ್ಗಿದರು. ಆದರೆ ಹಾರ್ಡಿಕ್ ಮತ್ತು ಪೆಟ್ರಿನೋವಿಚ್ 1970ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೀಗೆ ಒಳಮಾತು ಅಡಗಿಸಿದವರಿಗೆ ಓದಿದ್ದು ಎಷ್ಟು ಅರ್ಥವಾಯಿತು ಎಂದು ಕೇಳಿದರು. ಸುಲಭದ ಬರಹದಲ್ಲಿ ನಷ್ಟ ಕಾಣಲಿಲ್ಲ. ಕಠಿಣ ಬರಹ ಮಾತ್ರ ಸರಿಯಾಗಿ ಅರ್ಥವಾಗಿರಲಿಲ್ಲ. ಅಂದರೆ ಒಳಮಾತು ಕುಂಟನ ಕೋಲು. ಸಮದಾರಿಯಲ್ಲಿ ಬೇಡ, ಏರಿನಲ್ಲಿ ಕಿತ್ತುಕೊಂಡರೆ ಬೀಳುತ್ತಾನೆ.

ನಮ್ಮ ಗಡಿಯ ಮಕ್ಕಳ ದಾರಿಯಲ್ಲಿ ಏರು ಹೆಚ್ಚು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳವೋ ಮರಾಠಿಯೋ ತೆಲುಗೋ ತಮಿಳೋ, ಪರೀಕ್ಷೆಗೆ ಇಂಗ್ಲಿಷು. ಎರಡು ಮೂರು ಲಿಪಿಯಲ್ಲಿ ಓದುವ ಮಗುವಿನ ತುಟಿ ಅಲ್ಲಾಡಿದರೆ ಅದು ದಡ್ಡತನದ ಗುರುತಲ್ಲ, ದುಡಿಮೆಯ ಗುರುತು. ಓದು ಪಳಗಿದಂತೆ ತುಟಿ ತಾನೇ ನಿಲ್ಲುತ್ತದೆ. ತುಟಿಯ ಮೇಲೆ ಬೆರಳಿಡಿಸಿ ಓದಿಸುವವರು ಹಾರ್ಡಿಕ್ಕನ ಸದ್ದಿನ ಪೆಟ್ಟಿಗೆಯ ಕೆಲಸವನ್ನೇ ಮಾಡುತ್ತಿದ್ದಾರೆ, ಅದೂ ಕಠಿಣ ಪಾಠದಲ್ಲಿ. ದೊಡ್ಡವರೂ ಒಮ್ಮೆ ಪರೀಕ್ಷಿಸಿಕೊಳ್ಳಬಹುದು. ದಿನವಿಡೀ ಪೇಟೆಯ ಭಾಷೆಯಲ್ಲಿ ವ್ಯಾಪಾರ ಮಾಡಿ ರಾತ್ರಿ ನೋಟು ಎಣಿಸುವಾಗ ನಿಮ್ಮ ನಾಲಗೆ ಒಳಗೊಳಗೇ ಯಾವ ಭಾಷೆಯ ಮಗ್ಗಿ ಹೇಳುತ್ತದೆ? ಅದನ್ನು ತಿಳಿಯಲು ಯಂತ್ರ ಬೇಡ.

ತನ್ನ ಸ್ನಾಯುವಿನ ಸದ್ದನ್ನು ತಾನೇ ಕೇಳಿದರೆ ಅದನ್ನು ಆಳಬಹುದು ಎಂಬುದು ಬೇರೆ ಕಡೆಗೂ ಕೆಲಸಕ್ಕೆ ಬಂತು. ಕೆನಡಾದ ಜಾನ್ ಬಸ್ಮಾಜಿಯನ್ 1963ರಲ್ಲಿ ತೋರಿಸಿದ್ದು ಇದೇ. ಧ್ವನಿವರ್ಧಕದ ಸದ್ದು ಕೇಳುತ್ತಾ, ಪರದೆಯ ಗೆರೆ ನೋಡುತ್ತಾ, ಸಾಮಾನ್ಯ ಜನ ಸ್ವಲ್ಪ ಹೊತ್ತಿನಲ್ಲೇ ಹೆಬ್ಬೆರಳಿನ ಬುಡದ ಸ್ನಾಯುವನ್ನು ಆಳುವ ಒಂದೇ ಒಂದು ನರಕೋಶವನ್ನು ಬೇಕೆಂದಾಗ ಮಿಡಿಸಲು, ಬೇಡವೆಂದಾಗ ನಿಲ್ಲಿಸಲು ಕಲಿತರು. ಕೆಲವರು ಅದರಿಂದ ಮದ್ದಳೆಯ ಪೆಟ್ಟಿನಂತೆ, ಕುದುರೆಯ ಓಟದಂತೆ ಲಯ ಹೊರಡಿಸಿದರು. ಲಕ್ವ ಹೊಡೆದವರಿಗೆ ಕೈಕಾಲಿನಲ್ಲಿ ಅಳಿದುಳಿದ ಶಕ್ತಿಯನ್ನು ಹುಡುಕಿಕೊಡಲು ಈ ಉಪಾಯ ಬಳಕೆಗೆ ಬಂತು. ಕೈ ಕಳೆದುಕೊಂಡವರಿಗೆ ಉಳಿದ ಮೊಂಡು ತೋಳಿನ ವಿದ್ಯುತ್ತಿನಿಂದ ನಡೆಯುವ ಕೃತಕ ಕೈಯನ್ನು ಜರ್ಮನಿಯ ರೈನ್‌ಹೋಲ್ಡ್ ರೈಟರ್ 1948ರಲ್ಲಿ ಪ್ರಕಟಿಸಿದ್ದ. 1960ರ ಹೊತ್ತಿಗೆ ರಷ್ಯದವರ ಕೈ ಹೆಸರು ಮಾಡಿತು. ಇಲ್ಲದ ಮುಷ್ಟಿಯನ್ನು ಬಿಗಿಯಬೇಕೆಂದು ಮನಸ್ಸು ಮಾಡಿದರೆ ಯಂತ್ರದ ಮುಷ್ಟಿ ಬಿಗಿಯುತ್ತದೆ. ಇಂದು ಇಂಥ ಕೈ ಎಷ್ಟೋ ದೇಶಗಳಲ್ಲಿ ತಯಾರಾಗುತ್ತಿದೆ. ಬೆಲೆ ಮಾತ್ರ ಬಡವನ ಕೈಗೆ ಎಟುಕುವಂತಿಲ್ಲ.

ಕೊನೆಗೆ ಕೆಲವು ಉಪಯೋಗದ ಮಾತು. ಕೈಕಾಲು ಜೋಮು, ಬಲಹೀನತೆ, ಕುಷ್ಠದಿಂದ ಅಥವಾ ಸಕ್ಕರೆ ಕಾಯಿಲೆಯಿಂದ ನರಕ್ಕೆ ಆದ ಪೆಟ್ಟು, ಇಂಥವಕ್ಕೆ ಮಂಗಳೂರಿನಲ್ಲೋ ವೆಲ್ಲೂರಿನಲ್ಲೋ ಬೆಂಗಳೂರಿನ ನಿಮ್ಹಾನ್ಸಿನಲ್ಲೋ ನಿಮಗೆ ಈ ಪರೀಕ್ಷೆ ಬರೆದುಕೊಡಬಹುದು. ಕರೆಂಟು ಕೊಡುತ್ತಾರಂತೆ ಎಂದು ಹೆದರಿ ಅರ್ಧ ದಾರಿಯಿಂದ ಹಿಂದಿರುಗುವವರಿದ್ದಾರೆ. ಮಾನಸಿಕ ಕಾಯಿಲೆಗೆ ಕೊಡುವ ವಿದ್ಯುತ್ ಚಿಕಿತ್ಸೆಗೂ ಇದಕ್ಕೂ ಯಾವ ನಂಟೂ ಇಲ್ಲ. ಪರೀಕ್ಷೆಯಲ್ಲಿ ಎರಡು ಭಾಗ. ಮೊದಲು ನರದ ಮೇಲೆ ಸಣ್ಣ ಸಣ್ಣ ಷಾಕ್ ಕೊಟ್ಟು, ಸುದ್ದಿ ಎಷ್ಟು ಬೇಗ ಮುಟ್ಟುತ್ತದೆ ಎಂದು ನೋಡುತ್ತಾರೆ. ಚುರುಕ್ ಎನ್ನುತ್ತದೆ, ಅಷ್ಟೆ. ಎರಡನೆಯದು ಏಡ್ರಿಯನ್ನನ ಸೂಜಿ. ಅದು ಕರೆಂಟು ಕೊಡುವುದಿಲ್ಲ, ನಿಮ್ಮದನ್ನು ಕೇಳಿಸಿಕೊಳ್ಳುತ್ತದೆ. ಚುಚ್ಚಿದ ನೋವು ಇರುತ್ತದೆ, ಒಂದೆರಡು ದಿನ ಉಳಿಯಲೂಬಹುದು. ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮೊದಲೇ ತಿಳಿಸಬೇಕು. ಆ ದಿನ ಸ್ನಾನ ಮಾಡಿ ಹೋಗಿ. ಮೈಗೆ ಎಣ್ಣೆ, ಮುಲಾಮು ಹಚ್ಚಬೇಡಿ, ಬಿಲ್ಲೆ ಅಂಟುವುದಿಲ್ಲ. ಸೂಜಿ ಒಳಗಿರುವಾಗ ವೈದ್ಯರು ಸಡಿಲ ಬಿಡಿ ಎನ್ನುತ್ತಾರೆ, ಸ್ವಲ್ಪ ಬಿಗಿ ಮಾಡಿ ಎನ್ನುತ್ತಾರೆ, ಈಗ ಪೂರ್ತಿ ಬಿಗಿ ಮಾಡಿ ಎನ್ನುತ್ತಾರೆ. ಈ ಮೂರು ಮಾತು ಅರ್ಥವಾಗದಿದ್ದರೆ ಪರೀಕ್ಷೆ ಸರಿಯಾಗುವುದಿಲ್ಲ. ಹೋಗುವ ಊರಿನ ಭಾಷೆ ನಿಮ್ಮ ಮನೆಯ ಹಿರಿಯರಿಗೆ ಬಾರದಿದ್ದರೆ, ಎರಡೂ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿ, ಆ ಕೋಣೆಯೊಳಗೂ ಇರಲು ಬಿಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.